ಎರಡಕ್ಕಿಂತ ಮೊದಲು ಹನ್ನೆರಡು

ನನ್ನ ಭಾವಮೈದುನ ಮಹಾ ಬುದ್ಧಿವಂತ. ಒಂದು, ಎರಡು, ಮೂರು ಎಣಿಸುವುದೊಂದು ಬಿಟ್ಟು ಅವನಿಗೆ ಎಲ್ಲವೂ ಬರುತ್ತಿತ್ತು! ಸಾಲ್ಟ್ ಲೇಕಿನ ಕಂಪನಿಯೊಂದರಲ್ಲಿ ವೆಬ್ ಪುಟಗಳಿಗೆ ಸ್ಕ್ರಿಪ್ಟ್ ಬರೆಯುತ್ತಿದ್ದ; ವಾಸ ಮಾತ್ರ ಲೇಕ್ ಗಾರ್ಡನ್ಸಿನ ನಮ್ಮ ಮನೆಯಲ್ಲಿ. ನಾನೋ, ರೈಲ್ವೆಯಲ್ಲಿ ವೇಳಾಪಟ್ಟಿ ತಿದ್ದಿ ತಿದ್ದಿ ನಿವೃತ್ತನಾದವನು. ನಮ್ಮಿಬ್ಬರನ್ನು ಒಂದೇ ಸೂರಿನಡಿ ಇಟ್ಟ ದೇವರು ಎಷ್ಟು ನಕ್ಕಿರಬೇಕು!

ಸಾಲಾಗಿರುವುದನ್ನು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಭಾನುವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಬಿಟ್ಟ. ಸಕ್ಕರೆಯ ಜಾಗಕ್ಕೆ ಉಪ್ಪು ಬಂದು, ನನ್ನ ಕಾಫಿ ಸಮುದ್ರಸ್ನಾನ ಮಾಡಿತು.

"ಭಾವ, ಕಂಪ್ಯೂಟರಲ್ಲಿ 'ಅರೇ' ಅಂತೀವಲ್ಲ, ಅದು ಇಷ್ಟೇ, ಬಸ್ಸಿಗೆ ನಿಂತ ಲೈನು. 'ಸಾರ್ಟ್' ಅಂದ್ರೆ ಕ್ರಮವಾಗಿ ನಿಲ್ತಾರೆ, 'ರಿವರ್ಸ್' ಅಂದ್ರೆ ಕೊನೆಯವ್ರು ಮುಂದೆ ಬರ್ತಾರೆ."

"ಬೆಹಾಲಾ ಬಸ್ಸಿನ ಲೈನಿಗೆ ಹೇಳಿ ನೋಡು. ಒದೆ ಮುಂದೆ ಬರುತ್ತೆ," ಎಂದೆ.

ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹನ್ನೆರಡು ಜನ ಹಾಡುವವರಿದ್ದರು. ನನ್ನ ಹೆಂಡತಿ, ಅಂದರೆ ಅವನ ಅಕ್ಕ, ಗಂಟಲಿನ ಆಪರೇಷನ್ ಆದ ಮೇಲೆ ಅಂದೇ ಮೊದಲ ಸಲ ಹಾಡಬೇಕಿತ್ತು. ಹೊತ್ತೇರಿದಂತೆ ಅವಳ ದನಿ ಕಟ್ಟಿಕೊಳ್ಳುತ್ತಿತ್ತು. ಅದಕ್ಕೇ ಪಟ್ಟಿ ಮಾಡುವಾಗ ನಾನು ಅವಳಿಗೆ ಎರಡನೆಯ ಸಂಖ್ಯೆ ಕೊಟ್ಟಿದ್ದೆ. ಪಟ್ಟಿಯನ್ನು ಸಂಘದ ವೆಬ್ ಪುಟಕ್ಕೆ ಏರಿಸಿದವನು ಇವನು. ನಿರೂಪಕಿ ಆ ಪುಟವನ್ನೇ ಮುದ್ರಿಸಿಕೊಂಡು ಬಂದಿದ್ದರು. ಒಂದನೆಯವರು ಹಾಡಿ ಇಳಿದರು. ಆಮೇಲೆ ಕರೆದದ್ದು ಹತ್ತನೆಯವರನ್ನು!

"ಏನೋ ಇದು?"

"ಸಾರ್ಟ್ ಮಾಡ್ದೆ ಭಾವ. ಅದು ಅಂಕೀನ ಅಕ್ಷರದ ಥರ ಓದತ್ತೆ. ಒಂದರ ಅಂಕಿಯಿಂದ ಶುರುವಾಗೋದೆಲ್ಲ ಮೊದ್ಲು. ಹತ್ತು, ಹನ್ನೊಂದು, ಹನ್ನೆರಡು ಆದ್ಮೇಲೆ ಎರಡು. ಅಂಕೀನ ಅಂಕಿ ಥರಾನೇ ಹೋಲಿಸು ಅಂತ ನಾವೇ ಹೇಳ್ಕೊಡ್ಬೇಕು. ಮರ್ತೆ."

ನಿರೂಪಕಿಯ ಬಳಿಗೆ ಓಡಿದೆ. "ಕಂಪ್ಯೂಟರ್ ಪಟ್ಟಿ ಸರ್, ತಪ್ಪಿರಲ್ಲ," ಎಂದರು. ಎರಡಕ್ಕೂ ಹನ್ನೆರಡಕ್ಕೂ ವ್ಯತ್ಯಾಸ ತಿಳಿದವನು ಆ ಸಭಾಂಗಣದಲ್ಲಿ ನಾನೊಬ್ಬನೇ ಇದ್ದೆನೇ?

ಹಾಡು ಹಾಡಿಗೂ ಅವಳ ಮುಖ ಇಳಿಯುತ್ತಿತ್ತು. ಅವನು ಬಿಸಿನೀರಿನ ಫ್ಲಾಸ್ಕ್ ಹಿಡಿದು ಪಕ್ಕದಲ್ಲೇ ನಿಂತು ಗುಟುಕು ಗುಟುಕಾಗಿ ಕುಡಿಸಿದ. ಕೊನೆಗೂ ಅವಳ ಸರದಿ ಬಂತು. ಎರಡನೆಯ ಸಾಲಿಗೇ ದನಿ ನಿಂತಿತು.

ಆಗ ಈ ಮಹಾನುಭಾವ ಫ್ಲಾಸ್ಕಿನ ಸಮೇತ ವೇದಿಕೆ ಹತ್ತಿ ಪಲ್ಲವಿ ಎತ್ತಿಕೊಂಡ. ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ!

"ಬಾಯ್ಮುಚ್ಚೋ ಪುಟ್ಟ," ಎಂದಳು ಅವಳು, ಮೈಕಿನಲ್ಲೇ. ಹಾಗೆಂದು ನಕ್ಕಳು. ನಗುವಿನ ಹಿಂದೆಯೇ ದನಿ ಬಂತು.

ಕೊನೆಯ ಸಾಲಿನವರೆಗೂ ಹಾಡಿದಳು. ನಾನು ಕರವಸ್ತ್ರಕ್ಕಾಗಿ ತಡಕಾಡಿದೆ. ಅದು ಯಾವ ಜೇಬಿನಲ್ಲಿತ್ತೋ, ನೆನಪಾಗಲೇ ಇಲ್ಲ.