ಮಾಮಾ ಹೊಲಿದ ಡೈಪರು

ನನ್ನ ಸೋದರಮಾವನ ಪ್ರಕಾರ ಈ ಭೂಮಿಯ ಮೇಲೆ ಸೋರುವ ಡೈಪರ್ ಅನ್ನುವುದೇ ಇಲ್ಲ. ಇರುವುದು ಶಿಸ್ತಿಲ್ಲದ ಕೂಸುಗಳು ಮಾತ್ರ! ಇಂಥ ಮನುಷ್ಯನ ಜೊತೆ ನಾನು ಬಾಣಂತನ ಕಳೆದಿದ್ದೇನೆ. ನನ್ನ ಸಿಟ್ಟು ನ್ಯಾಯವೋ ಅಲ್ಲವೋ, ನೀವೇ ಹೇಳಿ.

ಮಾಮಾ ನಿಪ್ಪಾಣಿಯಲ್ಲಿ ಪ್ಯಾಂಟು ಹೊಲಿಯುತ್ತಿದ್ದವರು. ಪ್ಯಾಂಟು ಮಾತ್ರ. ಅಂಗಿ ಹೊಲಿಸಲು ಬಂದವರನ್ನು ಎದುರಿನ ಅಂಗಡಿಗೆ ಕಳಿಸುತ್ತಿದ್ದರು, ಅದೂ ಅವರ ಬಗ್ಗೆ ಮರುಕಪಟ್ಟು. ರೆಡಿಮೇಡ್ ಬಟ್ಟೆಯ ಕಾಲ ಬಂದು ಗಿರಾಕಿ ಕಡಿಮೆಯಾದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದರು. ನಾನು ಹೆರಿಗೆಗೆಂದು ಚಿಕ್ಕೋಡಿಯ ತವರಿಗೆ ಬಂದದ್ದು ಇದೇ ಹೊತ್ತಿಗೆ. ಪೇಟೆಯಿಂದ ತಂದ ಡೈಪರಿಗೆ ನನ್ನ ಮಗಳ ತೊಡೆ ಕೆಂಪಾಗಿ ಗುಳ್ಳೆ ಎದ್ದವು. ಕೂಸನ್ನು ನೋಡಲು ಬಂದ ಮಾಮಾ ಆ ಡೈಪರನ್ನು ಎರಡು ಬೆರಳಲ್ಲಿ ಹಿಡಿದು, ತಿರುವಿ ತಿರುವಿ ಹೊಲಿಗೆ ಹುಡುಕಿದರು. ಹೊಲಿಗೆಯೇ ಇಲ್ಲ, ಅಂಟಿಸಿದ್ದಾರೆ! ಅವರಿಗೆ ಅಷ್ಟೇ ಸಾಕಾಯಿತು. ಮರುದಿನವೇ ಹೊಲಿಗೆ ಯಂತ್ರವನ್ನು ಟೆಂಪೊದಲ್ಲಿ ಹೇರಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಳಿಸಿ, ತಾವೂ ಅಲ್ಲೇ ಹಾಸಿಗೆ ಹಾಕಿದರು.

ಮೊದಲ ಡೈಪರು ತಯಾರಾಯಿತು. ಪ್ಯಾಂಟು ಹೊಲಿದು ಉಳಿದ ತುಂಡುಗಳದ್ದು, ಬೂದು ಬಣ್ಣದ್ದು. ನಡುವಿಗೆ ಬೆಲ್ಟ್ ತೂರಿಸುವ ಪಟ್ಟಿಗಳು, ಹಿಂದೊಂದು ಕಿಸೆ. ಕೂಸು ಕಿಸೆಯಲ್ಲಿ ಏನಿಡುತ್ತದೆ ಎಂದು ಕೇಳಿದೆ.

“ಕಿಸೆ ಇಲ್ಲದ್ದು ಹೊಲಿಯಾಕ ನನ್ನ ಕೈಗೆ ಬರಂಗಿಲ್ಲ, ಅವ್ವಿ,” ಎಂದರು ಮಾಮಾ.

ಕಿಸೆಯೇನೋ ಬಂತು, ನೀರು ಹೀರುವ ಗುಣ ಬರಲಿಲ್ಲ. ಟೆರಿಕಾಟ್ ಬಟ್ಟೆ ನೀರು ಹೀರುವುದುಂಟೆ? ಮಗಳು ಮಾಡಿದ್ದೆಲ್ಲ ಬಟ್ಟೆಯ ಮೇಲೆ ಜಾರಿ, ತೊಡೆಯ ಸಂದಿಯಿಂದ ಇಳಿದು ನನ್ನ ಸೀರೆ ಸೇರಿತು. ಮಾಮಾ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಲಿಗೆಯಲ್ಲಿ ದೋಷವಿಲ್ಲವೆಂದು ತೀರ್ಪು ಕೊಟ್ಟರು. ಕೂಸು ಅಳತೆ ಮೀರಿ ಮಾಡುತ್ತಿದೆಯಂತೆ. ಅದಕ್ಕೆ ಕಾರಣ ಬಾಣಂತಿಯೆಂದು ನಾನು ಉಣ್ಣುವ ಅಳವಿ ಬೀಜದ ಪಾಯಸವಂತೆ. ಸೀದಾ ಅಡುಗೆಮನೆಗೆ ಹೋಗಿ, ನನಗೆ ಬಡಿಸುವುದನ್ನು ಅರ್ಧ ಮಾಡಬೇಕೆಂದು ಅವ್ವನಿಗೆ ಹೇಳಿ ಬಂದರು. ಡೈಪರು ಸೋರಿದರೆ ಬಾಣಂತಿಯ ಬಟ್ಟಲಿಗೆ ಕತ್ತರಿಯೇ? ಇದು ಯಾವ ನ್ಯಾಯ?

ಹತ್ತಿ ಬಟ್ಟೆಯೇ ಬೇಕೆಂದು ನಾನು ಹಟ ಹಿಡಿದೆ. ಮಾಮಾ ಒಪ್ಪಿದರು. ಒಪ್ಪಿದರಲ್ಲ ಎಂದು ನೆಮ್ಮದಿಯಿಂದ ಸ್ನಾನ ಮಾಡಿ ಬರುವಷ್ಟರಲ್ಲಿ, ವರ್ಷಗಟ್ಟಲೆ ಒಗೆದು ಮೆತ್ತಗಾಗಿದ್ದ ನನ್ನ ಇಷ್ಟದ ಹತ್ತಿ ಸೀರೆ ಚೌಕ ಚೌಕ ತುಂಡಾಗಿ ಯಂತ್ರದ ಪಕ್ಕದಲ್ಲಿತ್ತು. ತುಂಡುಗಳನ್ನು ಬಾಚಿ ಮಡಿಲಿಗೆ ಹಾಕಿಕೊಂಡೆ. ಮಾಮಾ ಮಾತ್ರ, ಹೊಸ ಹತ್ತಿಗಿಂತ ಹಳೆಯ ಹತ್ತಿಯೇ ಚೆನ್ನಾಗಿ ಹೀರುತ್ತದೆ ಎಂದು ನನಗೇ ಪಾಠ ಹೇಳಿದರು.

ಪದರದ ಮೇಲೆ ಪದರ ಇಟ್ಟು ಹೊಲಿದರು. ತೊಡಿಸಿ ನೋಡಿದರೆ ಮಗಳ ಎರಡು ಕಾಲು ಒಂದಕ್ಕೊಂದು ಕೂಡಲೇ ಇಲ್ಲ. ಮಲಗಿದಲ್ಲೇ ಕುದುರೆ ಸವಾರಿ! ದಪ್ಪ ಪಟ್ಟಿ ನಡುವೆ ಮಾತ್ರ ಇರಲಿ ಎಂದೆ. ಇಟ್ಟರು. ತೊಡೆಗೆ ಇಲಾಸ್ಟಿಕ್ ಬಿಗಿಯಾಯಿತು ಎಂದೆ. ಗೊಣಗುತ್ತ ಸಡಿಲಿಸಿದರು. ಆದರೂ ಸೋರಿತು. ಹತ್ತಿ ಹಳೆಯದು, ಪದರ ಸರಿ, ಬಿಗಿ ಸರಿ. ಮತ್ತೇಕೆ ಸೋರಬೇಕು? ನನಗೆ ತಲೆ ಕೆಟ್ಟುಹೋಯಿತು.

ಕಾರಣ ಒಂದು ದಿನ ಬಚ್ಚಲಲ್ಲಿ ಸಿಕ್ಕಿತು. ಒಗೆದ ಡೈಪರುಗಳನ್ನು ಮಾಮಾ ಅನ್ನದ ಗಂಜಿಯಲ್ಲಿ ಅದ್ದುತ್ತಿದ್ದರು! ಅದ್ದಿ, ಒಣಗಿಸಿ, ಇಸ್ತ್ರಿ ಹೊಡೆದು ಇಡುತ್ತಿದ್ದರು. ಎಷ್ಟು ನೀಟಾಗಿವೆ ಎಂದು ನಾನೇ ಮೆಚ್ಚಿದ್ದೆ ಬೇರೆ. ಗಂಜಿ ಕುಡಿದ ಬಟ್ಟೆ ಇನ್ನೇನು ಕುಡಿದೀತು?

“ಮಾಮಾ, ಗಂಜಿ ಹಾಕಿದ್ರ ಅದು ನೀರು ಹ್ಯಾಂಗ ಹೀರಬೇಕ್ರಿ?” ಎಂದೆ.

“ಗಂಜಿ ಇಲ್ಲದ ಬಟ್ಟಿ ನಾ ಯಾವ ಗಿರಾಕಿಗೂ ಕೊಟ್ಟಾಂವಲ್ಲ.”

“ಗಿರಾಕಿ ಯಾರ್ರಿ ಇಲ್ಲಿ? ಉಚ್ಚಿ ಹೊಯ್ಯೂ ಕೂಸು ಅದು.”

ಮಾಮಾ ಮುನಿಸಿಕೊಂಡು ಊಟ ಬಿಟ್ಟರು. ನಾನೂ ಮಾತು ಬಿಟ್ಟೆ. ಎಲ್ಲವನ್ನೂ ಬಿಸಿನೀರಲ್ಲಿ ನೆನೆಸಿ, ಗಂಜಿ ಪೂರ್ತಿ ಹೋಗುವವರೆಗೆ ಒಗೆದು ಬಿಸಿಲಿಗೆ ಹಾಕಿದೆ. ಮರುದಿನ ಕಿಟಕಿಯಿಂದ ನೋಡಿದರೆ ಮಾಮಾ ಅಂಗಳದಲ್ಲಿ ಕೂತು ಒಂದು ಡೈಪರಿನ ಮೇಲೆ ತಂಬಿಗೆಯಿಂದ ನೀರು ಬಿಡುತ್ತಿದ್ದರು. ಬಟ್ಟೆ ಹೀರಿತು. ಇನ್ನಷ್ಟು ಬಿಟ್ಟರು. ಅದನ್ನೂ ಹೀರಿತು. ಊಟಕ್ಕೆ ಬಂದವರು ಅವ್ವನ ಮುಂದೆ, ತಮ್ಮ ಹೊಲಿಗೆ ಕೊನೆಗೂ ಕುದುರಿತು ಎಂದರು. ತಮ್ಮ ಹೊಲಿಗೆಯಂತೆ! ನನ್ನ ಒಗೆತದ ಹೆಸರೇ ಇಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ರಾಯಬಾಗದಲ್ಲಿ ನೆಂಟರ ಮದುವೆ ಬಂತು. ಡೈಪರಿನ ಮೇಲೊಂದು ಪ್ಲಾಸ್ಟಿಕ್ ಚಡ್ಡಿ ಹಾಕುತ್ತೇನೆಂದರೆ ಮಾಮಾ ಬಿಡಲಿಲ್ಲ. ಅದು ಅವರ ಕೈಕೆಲಸಕ್ಕೆ ಅವಮಾನವಂತೆ. ಬೇಕೆಂದೇ ಬಿಳಿ ಪ್ಯಾಂಟು ಹಾಕಿಕೊಂಡು ಬಂದು, ಮಂಟಪದ ಎದುರಿಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಂದ ಬಂದವರಿಗೆಲ್ಲ ಡೈಪರಿನ ಅಂಚು ತೋರಿಸಿದರು. ಹೆಂಗಸರ ಸಾಲಿನಲ್ಲಿದ್ದ ನಾನು ನಾಚಿಕೆಯಿಂದ ಸೆರಗನ್ನು ಮುಖಕ್ಕೆ ಎಳೆದುಕೊಂಡೆ.

ಅಕ್ಷತೆ ಬಿದ್ದಿತು. ಜನ ಊಟಕ್ಕೆ ಎದ್ದರು. ಮಾಮಾ ಏಳಲಿಲ್ಲ. ಮೊದಲ ಪಂಕ್ತಿ ಮುಗಿದು ಎರಡನೆಯದೂ ಕೂತಿತು. ಕರೆಯಲು ಬಂದವರನ್ನೆಲ್ಲ ತಲೆಯಾಡಿಸಿ ಕಳಿಸುತ್ತಿದ್ದರು. ಇವರ ಪ್ರದರ್ಶನ ಇನ್ನೂ ಮುಗಿದಿಲ್ಲವೇ ಎಂದು ಉರಿದುಕೊಂಡೇ ಹೋದೆ. ಹತ್ತಿರ ಹೋದಾಗ ಕಂಡಿತು: ಬಿಳಿ ಪ್ಯಾಂಟು ತೊಡೆಯಿಂದ ಮೊಣಕಾಲಿನವರೆಗೆ ಒದ್ದೆ. ಮಗಳು ಅವರ ಬಲತೋಳಿನ ಮೇಲೆ ತಲೆಯಿಟ್ಟು, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು.

ನನ್ನ ಬಾಯಲ್ಲಿ ಎಷ್ಟು ದಿನದ ಮಾತು ಕಾದಿತ್ತು! ಮಾಮಾ ಎಡಗೈ ಎತ್ತಿ ತಡೆದರು.

“ಸೋರೇತಿ, ಅವ್ವಿ,” ಎಂದರು ಮೆಲುದನಿಯಲ್ಲಿ. “ತಪ್ಪು ಹೊಲಿಗಿದು, ಕೂಸಿಂದಲ್ಲ. ಈಗ ಎಬ್ಬಸಬ್ಯಾಡ. ರಾತ್ರಿ ಎಲ್ಲಾ ಹೊಟ್ಟಿನೋವಿಗೆ ಅತ್ತೈತಿ. ಈಗರ ಮಲಗೇತಿ.”

ಅದು ರಾತ್ರಿಯೆಲ್ಲ ಅತ್ತದ್ದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಪಡಸಾಲೆಯಲ್ಲಿ ಮಲಗಿದ್ದ ಅವರೂ ಎಚ್ಚರವಾಗಿಯೇ ಇದ್ದಿರಬೇಕು.

ನಾನು ಹೋಗಿ ತಾಟಿನಲ್ಲಿ ಹುಗ್ಗಿ ಹಾಕಿಸಿಕೊಂಡು ಬಂದೆ. ಉಣ್ಣಲು ಅವರ ಬಲಗೈಗೆ ಬಿಡುವಿರಲಿಲ್ಲ. ತುಪ್ಪ ಕಲಸಿ, ಪಕ್ಕದಲ್ಲಿ ಕೂತು, ಒಂದೊಂದೇ ತುತ್ತನ್ನು ಬಾಯಿಗಿಟ್ಟೆ. ಮಾಮಾ ಕೂಸಿನ ಮುಖದಿಂದ ಕಣ್ಣು ತೆಗೆಯದೆ ಉಂಡರು.