ಜೇನುದನಿಯ ಗಂಟಲೊಳಗೆ ಅಮ್ಮ

"ಏನು ಬೇಕಾದ್ರೂ ಆದೇನು, ನಮ್ಮಮ್ಮನ ಥರ ಮಾತ್ರ ಆಗಲ್ಲ!"

ಬಸ್ ನಿಲ್ದಾಣದ ಅನೌನ್ಸರಮ್ಮ ಈ ಘನಘೋರ ಪ್ರತಿಜ್ಞೆ ಮಾಡಿದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಕಾರಣವಿಷ್ಟೇ: ಅವಳ ಅಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು, ಬೀದಿಯ ತುದಿ ತಲುಪಿದ ಮಗಳಿಗೆ, "ಏಯ್! ಮೂಗು ಒರೆಸ್ಕೊಂಡ್ಯೇನೇ? ಹೊಟ್ಟೆ ಸರಿ ಹೋಯ್ತಾ?" ಎಂದು ಕೂಗುತ್ತಿದ್ದಳು. ಉತ್ತರಕ್ಕೆ ಇಡೀ ಬೀದಿ ಕಾಯುತ್ತಿತ್ತು. ಕ್ಷೌರದಂಗಡಿಯವನಂತೂ ಕತ್ತರಿ ನಿಲ್ಲಿಸಿ, "ಹೇಳಮ್ಮ, ಸರಿ ಹೋಯ್ತಾ?" ಎಂದು ವಿಚಾರಿಸುತ್ತಿದ್ದ!

ಆದ್ದರಿಂದಲೇ ಅವಳು ತನ್ನ ದನಿಯನ್ನು ತಿದ್ದಿ ತೀಡಿ, ನಯ ಮಾಡಿ, ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಳು. "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ಅಳುವ ಕೂಸು ನಿದ್ದೆ ಹೋಗುತ್ತಿತ್ತು. ಪ್ರಯಾಣಿಕರೂ ನಿದ್ದೆ ಹೋಗಿ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು, ಆ ಮಾತು ಬೇರೆ. ಸಹೋದ್ಯೋಗಿಗಳು ಅವಳಿಗಿಟ್ಟ ಹೆಸರು ಜೇನುದನಿ.

ಅಂಥ ಜೇನುದನಿಗೆ ಅದೃಷ್ಟ ಖುಲಾಯಿಸುವ ದಿನ ಬಂತು. ಊರಿನ ಎಲ್ಲ ನಿಲ್ದಾಣಗಳಲ್ಲೂ ಮೊಳಗಲಿರುವ ಒಂದೇ ಒಂದು ದನಿಯನ್ನು ಆರಿಸಲು ದೊಡ್ಡ ಸಾಹೇಬರೇ ಬರುತ್ತಾರಂತೆ, ಪ್ರಯಾಣಿಕರ ನಡುವೆ ಗುಟ್ಟಾಗಿ ಕೂತು ಕೇಳುತ್ತಾರಂತೆ! ಅದೇ ದಿನ ಅವಳ ಮಗಳು ಈಜು ಸ್ಪರ್ಧೆಗೆ ಅಲ್ಲಿಂದಲೇ ಬಸ್ಸು ಹತ್ತಬೇಕಿತ್ತು.

"ಅಮ್ಮಾ, ನನ್ ಫ್ರೆಂಡ್ಸ್ ಎಲ್ಲ ಇರ್ತಾರೆ. ದಯವಿಟ್ಟು ಕೆಳಗೆ ಬಂದು ಮಾನ ಕಳೀಬೇಡ," ಎಂದಿದ್ದಳು ಮಗಳು.

"ನಾನೇನು ನಿಮ್ಮಜ್ಜೀನಾ? ಕ್ಯಾಬಿನ್ನಿಂದ ಕಾಲು ಆಚೆ ಇಡಲ್ಲ, ಹೋಗೇ!"

ಕೊಟ್ಟ ಮಾತಿಗೆ ಅವಳು ತಪ್ಪಲಿಲ್ಲ. ಕಾಲು ಆಚೆ ಇಡಲೇ ಇಲ್ಲ.

ಮಹಡಿಯ ಗಾಜಿನ ಕ್ಯಾಬಿನ್ನಿನಿಂದ ನೋಡುತ್ತಾಳೆ: ಗೆಳತಿಯರ ಗುಂಪಿನಲ್ಲಿ ಕಿಲಕಿಲ ನಗುತ್ತಾ ಮಗಳು ಬಸ್ಸು ಹತ್ತಿದಳು. ಅವಳ ನೀಲಿ ಚೀಲ ಬೆಂಚಿನ ಮೇಲೆ ಅನಾಥವಾಗಿ ಕೂತಿದೆ! ಬಸ್ಸು ಹೊರಟೇಬಿಟ್ಟಿತು. ಜೇನುದನಿ ಆಗಷ್ಟೇ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿದ್ದಳು. ಮುಂದಿನ ಮಾತು ಎಲ್ಲಿಂದ ಬಂತೋ ದೇವರೇ ಬಲ್ಲ.

"ಏಯ್! ಚೀಲ! ಚೀಲ ಬಿಟ್ಟು ಹೋಗ್ತಿದೀಯಲ್ಲೇ! ತಲೆ ಎಲ್ಲಿಟ್ಟಿದೀಯ? ಒಳಚಡ್ಡಿ, ಟವೆಲ್ಲು ಎಲ್ಲ ಅದ್ರಲ್ಲೇ ಇದೆ! ಒದ್ದೆ ಬಟ್ಟೇಲಿ ಬಂದು ಸೀನು, ಆಮೇಲಿದೆ ನಿಂಗೆ! ರೀ ಡ್ರೈವರ್! ನಿಮಗೇ ಹೇಳ್ತಿರೋದು, ಕಿವಿ ಕೇಳ್ಸಲ್ವಾ? ನಿಲ್ಸ್ರೀ ಬಸ್ಸು!"

ಕಂಬಕಂಬದ ಸ್ಪೀಕರೂ ಗುಡುಗಿತು. ಆ ಒಂದು ಬಸ್ಸಲ್ಲ, ನಿಲ್ದಾಣದ ಬಸ್ಸುಗಳೆಲ್ಲ ಗಕ್ಕನೆ ನಿಂತವು! ಡ್ರೈವರುಗಳಿಗೆ ಅವರವರ ಅಮ್ಮನ ನೆನಪಾಗಿರಬೇಕು. ಮೀಸೆ ನರೆತ ಗಂಡಸರೂ ಎದ್ದು ನಿಂತು ತಮ್ಮ ಚೀಲದಲ್ಲಿ ಟವೆಲ್ಲಿದೆಯೇ ಎಂದು ತಡಕಾಡಿದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಕಂಡಕ್ಟರು ಓಡಿ ಬಂದು, ನೀಲಿ ಚೀಲವನ್ನೆತ್ತಿ ಬಸ್ಸಿನ ಕಿಟಕಿಯೊಳಕ್ಕೆ ತೂರಿದ.

ಅದೇ ಕಿಟಕಿಯಿಂದ ಮಗಳ ತಲೆ ಹೊರಬಂತು. "ಅಮ್ಮಾ! ನನ್ ಚೀಲ ನನ್ ಬೆನ್ ಮೇಲೇ ಇದೆ! ಇದು ಯಾರ್ದೋ! ಕನ್ನಡಕ ಹಾಕ್ಕೊಂಡು ನೋಡ್ಬಾರ್ದಾ?"

ಅವಳಿಗೆ ಮೈಕಿರಲಿಲ್ಲ, ಸ್ಪೀಕರಿರಲಿಲ್ಲ. ಆದರೂ ಕ್ಯಾಬಿನ್ನಿನ ಗಾಜು ಗಡಗಡ ಅಂದಿತು.

ಜೇನುದನಿ ಮೈಕು ಆರಿಸಿ ಕುರ್ಚಿಯಲ್ಲಿ ಕುಸಿದಳು. ಮಗಳ ಮಾನವೂ ಹೋಯಿತು, ಊರಿಗೆಲ್ಲ ದನಿಯಾಗುವ ಕನಸೂ ಹೋಯಿತು! ಕಣ್ಣಲ್ಲಿ ನೀರೇ ಬಂತು. ಆಗ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದವರು ಸಾಕ್ಷಾತ್ ದೊಡ್ಡ ಸಾಹೇಬರು. ಕೈಯಲ್ಲಿ ಅದೇ ನೀಲಿ ಚೀಲ!

"ಬೆಂಚಿನ ಮೇಲಿಟ್ಟು ಟೀ ಕುಡಿಯೋಕೆ ಹೋಗಿದ್ದೆ. ನನ್ನ ಬಿಟ್ಟು ಈಜೋಕೆ ಹೊರಟಿತ್ತು ನೋಡಿ, ಓಡಿ ಹೋಗಿ ಬಸ್ಸಿಂದ ಇಳಿಸ್ಕೊಂಡೆ," ಎಂದರು ಸಾಹೇಬರು. "ಅದಿರ್ಲಿ, ಮೊದಲು ಒಬ್ರು ಮೆತ್ತಗೆ ಮಾತಾಡ್ತಿದ್ರಲ್ಲ, ಅದು ನೀವು ತಾನೇ? ಆಮೇಲೆ ಕೂಗಿದ್ರಲ್ಲ, ಅವರ್ಯಾರು?"

ಜೇನುದನಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

"ನಮ್ಮಮ್ಮ, ಸಾರ್."

"ನಮ್ಮ ಡ್ರೈವರುಗಳು ಅನೌನ್ಸ್‌ಮೆಂಟಿಗೆ ಕಿವಿ ಕೊಟ್ಟಿದ್ದನ್ನ ಇವತ್ತೇ ನೋಡಿದ್ದು ಕಣಮ್ಮ! ತಪ್ಪು ತಿಳ್ಕೋಬೇಡಿ, ನಿಮ್ಮ ದನಿ ಕೇಳಿ ನನಗೆ ಆಕಳಿಕೆ ಬಂತು. ನಾಳೆ ನಿಮ್ಮಮ್ಮನ್ನ ರೆಕಾರ್ಡಿಂಗಿಗೆ ಕರ್ಕೊಂಡ್ಬನ್ನಿ."

ಸಂಜೆ ಅವಳು ನೆಟ್ಟಗೆ ಅಮ್ಮನ ಬೀದಿಗೆ ನಡೆದಳು. ಮೂರು ಮಹಡಿ ಹತ್ತುವಷ್ಟು ತಾಳ್ಮೆ ಯಾರಿಗಿದೆ? ಕೆಳಗೇ ನಿಂತು ಕತ್ತೆತ್ತಿದಳು. "ಅಮ್ಮಾ! ಊರಿಗೆಲ್ಲ ನಿನ್ನ ದನೀನೇ ಬೇಕಂತೆ ಕಣೇ! ನಾನು ಕೂಗಿದ್ದು ಥೇಟ್ ನಿನ್ನ ಥರಾನೇ ಇತ್ತು!"

ಬಾಲ್ಕನಿಯಲ್ಲಿ ಅಮ್ಮ ಪ್ರತ್ಯಕ್ಷಳಾದಳು. "ನನ್ನ ಥರಾನಾ? ಸುಮ್ನಿರೇ! ನಾನು ಯಾವತ್ತೇ ದನಿ ಎತ್ತಿದೀನಿ? ಹಂಗೆಲ್ಲ ಕೂಗ್ತಿದ್ದಿದ್ದು ನಮ್ಮಮ್ಮ!"

ಈಗ ಮುದುಕನಾಗಿದ್ದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಬಂದ.

"ಒಳಗೆ ಹೋಗಿ ಮಾತಾಡ್ಕೊಳ್ರಮ್ಮ! ನನ್ನ ಗಿರಾಕಿ ಕಣ್ಣು ಮುಚ್ಕೊಂಡು ಕೂತಿದಾರೆ. 'ಪಾಪ, ಯಾರಪ್ಪ ಆಯಮ್ಮ, ತನ್ನ ಜೊತೆ ತಾನೇ ಜಗಳ ಆಡ್ತಿದಾರಲ್ಲ' ಅಂತ ಕೇಳ್ತಿದಾರೆ!"