ಮೇಷ್ಟ್ರು ಹುಲ್ಲಿಗಿಳಿದದ್ದು

"ಇಳಿಜಾರು ಅಂದ್ರೇನು ಅಂತ ನನಗೆ ಹೇಳಿಕೊಡ್ತೀಯಾ? ಈ ಊರಿನ ಅರ್ಧ ಜನಕ್ಕೆ ಏರಿನಲ್ಲಿ ಗಾಡಿ ನಿಲ್ಲಿಸೋದನ್ನ ಕಲಿಸಿದವನು ನಾನು! ಒಂದು ಯಂತ್ರ ತರ್ತೀನಿ. ಭಾನುವಾರದೊಳಗೆ ಈ ಹುಲ್ಲನ್ನ ಬೋಳಿಸಿ ನಿನ್ನ ಕಾಲಡಿ ಹಾಸ್ತೀನಿ, ನೋಡ್ತಿರು!"

ಹೀಗೆಂದು ಡ್ರೈವಿಂಗ್ ಶಾಲೆಯ ಮೇಷ್ಟ್ರು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಗುಡುಗಿದರು. ಗುಡುಗಿದ್ದು ಹೆಂಡತಿಗೆ, ಕದ್ದು ನೋಡಿದ್ದು ಹುಲ್ಲನ್ನು. ಹುಲ್ಲು ಜಗ್ಗಲಿಲ್ಲ. ಹೊಸ್ತಿಲಿನಿಂದ ಕೆಳಗಿನ ಬೇಲಿಯವರೆಗೆ ಕಡಿದಾಗಿ ಇಳಿದ ಹಿತ್ತಿಲಿನಲ್ಲಿ ಅದು ಸೊಂಟದೆತ್ತರ ಬೆಳೆದು ಅನಿರ್ದಿಷ್ಟಾವಧಿ ಧರಣಿ ಕೂತಿತ್ತು. ಹುಲ್ಲಿಗಿಂತ ಗಟ್ಟಿ ಸಂಘಟನೆ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಮುಖಂಡರಿಲ್ಲ, ಭಾಷಣವಿಲ್ಲ, ಒಂದು ಮಳೆ ಬಿದ್ದರೆ ಸಾಕು, ಸದಸ್ಯರು ದುಪ್ಪಟ್ಟು!

ಮೇಷ್ಟ್ರ ಹೆಂಡತಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸ್. ಕೈಕಾಲು ಮುರಿದುಕೊಂಡು ಬಂದವರ ವೀರಗಾಥೆ ದಿನವೂ ಕೇಳಿ ಕೇಳಿ, ಯಾರಾದರೂ ಎದೆ ತಟ್ಟಿಕೊಂಡರೆ ಆಕೆಯ ಮೂಗಿಗೆ ಪ್ಲಾಸ್ಟರಿನ ವಾಸನೆ ಬಡಿಯುತ್ತಿತ್ತು.

"ಬೋಳಿಸಿ, ಯಾರು ಬೇಡ ಅಂದ್ರು? ಮೊಮ್ಮಗಳು ಈಗ ತಾನೇ ನಡೆಯೋಕೆ ಶುರು ಮಾಡಿದ್ದಾಳೆ. ಈ ಬಾಗಿಲು ತೆರೆದಿದ್ರೆ ಸೀದಾ ಅಲ್ಲಿಗೇ ಓಡ್ತಾಳೆ. ಮೊನ್ನೆ ಅಲ್ಲಿ ಹಾವಿನ ಪೊರೆ ಸಿಕ್ಕಿದೆ. ಶನಿವಾರ ಸಂಜೆಗೆ ನೆಲ ಕಾಣದಿದ್ರೆ, ಭಾನುವಾರ ಬರಬೇಡಮ್ಮಾ ಅಂತ ಮಗಳಿಗೆ ಫೋನ್ ಮಾಡ್ತೀನಿ. ಅಷ್ಟೇ."

ಮೇಷ್ಟ್ರ ಎದೆ ಧಸಕ್ಕೆಂದಿತು. ಹುಟ್ಟಿದ ಮೇಲೆ ಮಗು ಈ ಮನೆಗೆ ಬರುತ್ತಿರುವುದು ಇದೇ ಮೊದಲು. ಇಷ್ಟು ದಿನ ಅಜ್ಜ ಮುತ್ತಿಕ್ಕಿದ್ದೆಲ್ಲ ಫೋನಿನ ಗಾಜಿಗೆ!

ಯಂತ್ರದಂಗಡಿಯವನು ಪ್ರಶ್ನೆ ಕೇಳಿದ ಕೂಡಲೇ ಉತ್ತರವನ್ನೂ ಎತ್ತಿಕೊಟ್ಟ. "ಇಳಿಜಾರಾ? ಉದ್ದ ಹುಲ್ಲಾ? ಹಾಗಿದ್ರೆ ಇದೇ ಸಾರ್. ಹೆಗಲಿಗೆ ತಗುಲಿಸ್ಕೊಳ್ಳಿ, ಅಡ್ಡಡ್ಡ ನಡೀತಾ ಬೀಸ್ಕೊಂಡು ಹೋಗಿ."

ಉದ್ದನೆಯ ಕೋಲು, ತುದಿಯಲ್ಲಿ ತಿರುಗುವ ಬ್ಲೇಡು. ಮೇಷ್ಟ್ರು ಅದನ್ನು ಮೇಲಿಂದ ಕೆಳಗೆ ನೋಡಿದರು.

"ಚಕ್ರ ಎಲ್ರೀ?"

"ಇದಕ್ಕೆ ಚಕ್ರ ಇರಲ್ಲ ಸಾರ್."

"ಚಕ್ರ ಇಲ್ದೆ ಓಡಿಸೋದು ಹೇಗೆ?"

"ಓಡಿಸೋದಲ್ಲ ಸಾರ್, ಹೊರೋದು."

ಹೊರುವುದು! ಗಾಡಿಯಲ್ಲಿ ಕೂತೇ ಸಂಬಳ ತಿಂದ ಮೈ ಹೊರೆ ಎಂದರೆ ಬೆಚ್ಚುತ್ತದೆ. ಮೇಷ್ಟ್ರು ತಲೆ ಕೊಡವಿ, ಮೂಲೆಯಲ್ಲಿ ನಿಂತಿದ್ದ, ಕೂತು ಓಡಿಸುವ ದೊಡ್ಡ ಯಂತ್ರದ ಸುತ್ತ ಪ್ರದಕ್ಷಿಣೆ ಹಾಕಿದರು.

"ಇದಕ್ಕೆ ಪಕ್ಕದ ಸೀಟು ಎಲ್ಲಿದೆ?"

"ಯಾರಿಗೆ ಸಾರ್?"

"ನನಗೆ!"

ಪಾಪ, ಅವರ ತಪ್ಪೇನು? ಜೀವಮಾನವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿ ತಮ್ಮದೇ ಒಂದು ಬ್ರೇಕ್ ಇಟ್ಟುಕೊಂಡು ಬಂದವರು. ಮನೆಯ ಸೋಫಾದಲ್ಲಿ ಕೂತಾಗಲೂ ಟಿವಿಯಲ್ಲಿ ಲಾರಿ ಎದುರು ಬಂದರೆ ಅವರ ಬಲಗಾಲು ನೆಲ ತುಳಿಯುತ್ತಿತ್ತು.

"ಅದು ಬೇಡ ಸಾರ್, ನಿಮ್ಮ ಹಿತ್ತಿಲಲ್ಲಿ ಮಗುಚ್ಕೊಳ್ಳುತ್ತೆ," ಎಂದ ಅಂಗಡಿಯವನು.

ಉಳಿದದ್ದು ಹಿಂದಿನಿಂದ ಹಿಡಿದು ನಡೆಸುವ, ತಾನೇ ಮುಂದೆ ಹೋಗುವ ನಾಲ್ಕು ಚಕ್ರದ ಯಂತ್ರ. "ಇದು ಸಮನೆಲದ ಗಿಡ್ಡ ಹುಲ್ಲಿಗೆ ಸಾರ್," ಎಂದು ಅವನು ಗೋಗರೆದರೂ ಮೇಷ್ಟ್ರು ಕೇಳಲಿಲ್ಲ. ಕೊನೆಗೆ ಅವನು, "ತಗೊಂಡು ಹೋಗಿ ನೋಡಿ, ಸರಿಹೋಗದಿದ್ರೆ ಬದಲಾಯಿಸಿ ಕೊಡ್ತೀನಿ. ಈ ಸರಳು ಹಿಡ್ಕೊಂಡ್ರೆ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ಹೆದರಿಕೆ ಆಯ್ತಾ, ಬಿಟ್ಬಿಡಿ," ಎಂದ.

"ಹೆದರಿಕೆ! ನನಗೆ!" ಎಂದು ನಕ್ಕ ಮೇಷ್ಟ್ರ ನಗು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಒಣಗಿತ್ತು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಯಂತ್ರವನ್ನು ಹೊಸ್ತಿಲಾಚೆ ತಂದು ನಿಲ್ಲಿಸಿದರು. ಅಂಗಡಿಯಲ್ಲಿ ಸಾಧುವಾಗಿದ್ದ ಯಂತ್ರ ಇಲ್ಲಿ ಮೂತಿ ಕೆಳಗೆ ಮಾಡಿ ಗೂಳಿಯಂತೆ ನಿಂತಿತ್ತು. ಕೆಳಗಿನ ಬೇಲಿಯ ಆಚೆ ಬೇಕರಿಯವನು ಕೈಕಟ್ಟಿ ನಿಂತಿದ್ದ. ಇವರ ಬಳಿಯೇ ಬೈಸಿಕೊಂಡು ಕಾರು ಕಲಿತ ಶಿಷ್ಯ.

"ಅಡ್ಡ ಹೋಗ್ರೀ, ಅಡ್ಡ!" ಎಂದಳು ಹೆಂಡತಿ.

"ರಸ್ತೇಲಿ ಯಾರಾದ್ರೂ ಗಾಡೀನ ಅಡ್ಡ ಓಡಿಸ್ತಾರೇನೇ?" ಎಂದು ಮೇಷ್ಟ್ರು ಸರಳು ಹಿಡಿದರು.

ಯಂತ್ರ ನಾಲ್ಕು ಮಾರು ಹೋಗಿ ಹುಲ್ಲು ಗಂಟಲಿಗೆ ಸಿಕ್ಕಿ ಕೆಮ್ಮಿ ನಿಂತಿತು. ಬಿಡಿಸಿದರು. ಮತ್ತೆ ಕೆಮ್ಮಿತು. ಮೇಷ್ಟ್ರು ಸಿಟ್ಟಿನಿಂದ ಬ್ಲೇಡನ್ನು ಎಷ್ಟು ಮೇಲೆತ್ತಲಾದೀತೋ ಅಷ್ಟೂ ಎತ್ತಿದರು. ಈಗ ಯಂತ್ರ ಹುಲ್ಲನ್ನು ಕತ್ತರಿಸುವುದು ಬಿಟ್ಟು ಕೆಳಮುಖವಾಗಿ ಮಲಗಿಸುತ್ತಾ ಹೊರಟಿತು. ಮಲಗಿದ ಹಸಿ ಹುಲ್ಲೆಂದರೆ ಎಣ್ಣೆ ಸುರಿದ ಹಾದಿ. ಜಾರಿತು!

ಮೇಷ್ಟ್ರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು. ಯಂತ್ರ ನಿಲ್ಲಲಿಲ್ಲ. ಇನ್ನೊಮ್ಮೆ ತುಳಿಯಿತು. ಮಗುವನ್ನು ಕಚ್ಚೀತೆಂದು ಹೆದರಿದ್ದ ಹಾವು ತಮ್ಮ ಕಾಲಡಿಯೇ ಸಿಕ್ಕಿದರೆ? ಬೇಲಿ ಮುರಿದರೆ? ಗಾಬರಿಯಲ್ಲಿ ಕೈಗಳು ಸರಳನ್ನು ಇನ್ನೂ ಬಿಗಿಯಾಗಿ ಹಿಡಿದವು. ಬಿಗಿ ಹಿಡಿದಷ್ಟೂ ಅದು ಓಡಿತು!

"ಬಿಡ್ರೀ ಅದನ್ನ! ಕೈ ಬಿಡ್ರೀ!" ಹೆಂಡತಿ ಮೇಲಿನಿಂದ ಕಿರುಚಿದಳು.

"ಬಿಡಬೇಡಿ ಸಾರ್! ಏನೇ ಆಗ್ಲಿ ಎರಡೂ ಕೈ ಸ್ಟೀರಿಂಗ್ ಮೇಲೇ ಇರ್ಲಿ!" ಗುರುವಿನ ಪಾಠವನ್ನೇ ಬೇಕರಿಯವನು ಕೆಳಗಿನಿಂದ ಗುರುವಿಗೆ ಒಪ್ಪಿಸಿದ.

ಕಟ್ಟಿಕೊಂಡವಳ ಮಾತೋ, ತಾನೇ ಕಲಿಸಿದ ಪಾಠವೋ? ಮೇಷ್ಟ್ರು ಪಾಠವನ್ನು ಆರಿಸಿಕೊಂಡರು. ಪಂಚೆ ಬಾವುಟವಾಯಿತು. "ಕ್ಲಚ್! ಕ್ಲಚ್!" ಎಂದು ಯಾರಿಗೋ ಆಜ್ಞೆ ಮಾಡುತ್ತಾ ಹಿತ್ತಿಲಿನ ಮುಕ್ಕಾಲು ಪಾಲನ್ನು ಕ್ರಮಿಸಿ, ಕಾಲು ಹೊರಳಿ ಧೊಪ್ಪನೆ ಬಿದ್ದರು. ಕೈ ಬಿಟ್ಟುಹೋಯಿತು. ಅದೇ ಕ್ಷಣ ಯಂತ್ರ, ಹೇಳಿದ ಮಾತು ಕೇಳುವ ವಿದ್ಯಾರ್ಥಿಯ ಹಾಗೆ, ಬೇಲಿಗೆ ತಾಗದೆ ಗಕ್ಕನೆ ನಿಂತುಬಿಟ್ಟಿತು!

ಹೆಂಡತಿ ಇಳಿದು ಬಂದು ಪಾದವನ್ನು ಅತ್ತಿತ್ತ ತಿರುಗಿಸಿ ನೋಡಿದಳು. "ಮುರಿದಿಲ್ಲ. ಉಳುಕಿದೆ."

"ಹುಲ್ಲು?"

ಹಿಂದೆ ನೋಡಿದರೆ ಮಲಗಿದ್ದ ಹುಲ್ಲೆಲ್ಲ ಮೈ ಕೊಡವಿಕೊಂಡು ಒಂದೊಂದಾಗಿ ಏಳುತ್ತಿತ್ತು.

"ಮಗಳಿಗೆ ಫೋನ್ ಮಾಡಬೇಡ ಕಣೇ," ಎಂದರು ಮೇಷ್ಟ್ರು. ಆ ದನಿಯಲ್ಲಿ ಗುಡುಗಿರಲಿಲ್ಲ.

ಆಕೆ ಬೇಕರಿಯವನ ವ್ಯಾನಿನಲ್ಲಿ ಯಂತ್ರವನ್ನು ಹೇರಿಕೊಂಡು ಹೋಗಿ, ಹೆಗಲಿಗೆ ಹಾಕುವುದನ್ನು ತಂದಳು. ಗಂಬೂಟು, ಕನ್ನಡಕ ಏರಿಸಿ, ಹೆಂಡತಿಯೂ ಬೇಕರಿಯವನೂ ಸರದಿಯ ಮೇಲೆ ಅಡ್ಡಡ್ಡ ಬೀಸತೊಡಗಿದರು. ಮೇಷ್ಟ್ರು ಹಿಂಬಾಗಿಲ ಕುರ್ಚಿಯಲ್ಲಿ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಕೂತರು. ಮೋಡ ಕಂಡರೆ ಎದೆ ಹಾರುತ್ತಿತ್ತು, ಯಂತ್ರ ನಿಂತರೆ ಉಸಿರು ನಿಲ್ಲುತ್ತಿತ್ತು. ತಡೆಯಲಾರದೆ, "ಸ್ವಲ್ಪ ಎಡಕ್ಕೆ ತಗೋ!" ಎಂದುಬಿಟ್ಟರು.

ಹೆಂಡತಿ ಯಂತ್ರ ಆರಿಸಿದಳು. "ಇನ್ನೊಂದು ಕಾಲು ಚೆನ್ನಾಗೇ ಇದೆ ಅಲ್ವಾ?"

ಮೇಷ್ಟ್ರು ಆ ಕಾಲನ್ನು ಮೆಲ್ಲಗೆ ಕುರ್ಚಿಯಡಿಗೆ ಎಳೆದುಕೊಂಡರು.

ಬೆಳಕು ಇಳಿಯುವ ಹೊತ್ತಿಗೆ ಹೊಸ್ತಿಲಿನಿಂದ ಬೇಲಿಯವರೆಗೂ ನೆಲ ಕಂಡಿತು. ಹೆಂಡತಿ ಮೈತುಂಬಾ ಅಂಟಿದ ಹುಲ್ಲಿನ ಚೂರು ಸಮೇತ ಫೋನ್ ಹಚ್ಚಿದಳು. ಆ ಕಡೆಯಿಂದ ಮಗಳ ಆತಂಕ ಮೇಷ್ಟ್ರಿಗೂ ಕೇಳಿಸಿತು. ಮಗು ಎರಡು ಹೆಜ್ಜೆ ಇಟ್ಟರೆ ಬೀಳುತ್ತದೆ, ಹೊಸ ಮನೆ, ಹೇಗೋ ಏನೋ.

"ಧೈರ್ಯವಾಗಿ ಕರ್ಕೊಂಡು ಬಾ ತಾಯಿ," ಎಂದಳು ಹೆಂಡತಿ, ಗೋಡೆ ಹಿಡಿದು ಕುಂಟುತ್ತಾ ಒಳಗೆ ಹೊರಟ ಗಂಡನನ್ನೇ ನೋಡುತ್ತಾ. "ನಿಮ್ಮಪ್ಪನೂ ಇವತ್ತಿಂದ ನಡೆಯೋಕೆ ಕಲೀತಿದ್ದಾರೆ. ಪಾಪು ಬಂದು ನಾಲ್ಕು ಹೆಜ್ಜೆ ಹೇಳಿಕೊಡ್ಲಿ. ಇಬ್ಬರಲ್ಲಿ ಅವಳೇ ಸೀನಿಯರ್ರು!"